ಋಷಿಮೂಲ ಬಿಡಿ, ಹಾವಿನ ಮೂಲ ಕೇಳಿ

ಎರಡು ಬಾಲ್ ಪೈಥಾನ್ ಮರಿಗಳು, ಅಂದರೆ ಸಾಕುವವರ ನೆಚ್ಚಿನ ಪುಟ್ಟ ಆಫ್ರಿಕನ್ ಹೆಬ್ಬಾವಿನ ಮರಿಗಳು. ಎರಡೂ ಕಂದು ಮೈಯವು, ಎರಡರ ಬೆನ್ನ ಮೇಲೂ ಅದೇ ಕಪ್ಪು ಪಟ್ಟೆ. ಹೆದರಿಸಿದರೆ ಎರಡೂ ತಲೆ ಒಳಗಿಟ್ಟು ಚೆಂಡಾಗಿ ಸುತ್ತಿಕೊಳ್ಳುತ್ತವೆ. ಅಮೆರಿಕದ ಹಾವು ಮೇಳದಲ್ಲಿ ಮಾರಾಟಗಾರ ಒಂದಕ್ಕೆ ಹೇಳುವ ಬೆಲೆ ಇನ್ನೊಂದರ ಹಲವು ಪಟ್ಟು. ಏನು ವ್ಯತ್ಯಾಸ ಅಂದರೆ, ‘ಇದು ಹೆಟ್ ಅಲ್ಬಿನೊ’ ಅನ್ನುತ್ತಾನೆ. ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ಇದರ ಅಪ್ಪ ಯಾರು, ಅಮ್ಮ ಯಾರು ಎಂದು ಯಾರೋ ಬರೆದಿಟ್ಟ ಎರಡು ಸಾಲಿನಲ್ಲಷ್ಟೇ ಅದು ಇದೆ.

ಸಾಕುಹಾವುಗಳ ವಂಶಾವಳಿಯನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ರಿಜಿಸ್ಟ್ರಿಗಳು ಹುಟ್ಟಿದ್ದು ಈ ಎರಡು ಸಾಲಿಗಾಗಿ. ಹಾವಿಗೂ ಜಾತಕವೇ ಎಂದು ನಗು ಬರುವುದು ಸಹಜ. ಆದರೆ ನಾಯಿಗಿಂತ ಹಾವಿಗೇ ವಂಶಾವಳಿ ಹೆಚ್ಚು ಬೇಕು ಎಂದು ನನಗನಿಸುತ್ತದೆ. ಲ್ಯಾಬ್ರಡಾರ್ ಮರಿಯನ್ನು ನೋಡಿದರೆ ಲ್ಯಾಬ್ರಡಾರ್ ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಸಾಕುಹಾವಿನ ಲೋಕದಲ್ಲಿ ಬೆಲೆ, ಆರೋಗ್ಯ, ಸಂತಾನ ಮೂರನ್ನೂ ತೀರ್ಮಾನಿಸುವ ಸಂಗತಿ ಹೆಚ್ಚಾಗಿ ಚರ್ಮದ ಅಡಿಯಲ್ಲೇ ಅಡಗಿರುತ್ತದೆ.

ಅಡಗಿರುವುದು ಹೇಗೆ? ಪ್ರತಿ ಜೀನ್‌ನ ಎರಡು ಪ್ರತಿಗಳು ಹಾವಿನಲ್ಲಿರುತ್ತವೆ, ತಾಯಿಯದೊಂದು, ತಂದೆಯದೊಂದು. ಅಲ್ಬಿನೊ ರಿಸೆಸಿವ್ ಗುಣ. ಶಾಲೆಯ ಪುಸ್ತಕದ ಮಾತಿನಲ್ಲಿ ದುರ್ಬಲ ಗುಣ. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಹಾವು ಹಳದಿ-ಬಿಳಿಯಾಗಿ, ಕೆಂಪು ಕಣ್ಣಿನೊಂದಿಗೆ ಹುಟ್ಟುತ್ತದೆ. ಒಂದೇ ಪ್ರತಿ ಕೆಟ್ಟಿದ್ದರೆ ಅದು ಎಲ್ಲ ಹಾವಿನಂತೆಯೇ ಕಂದು. ಹೀಗೆ ಗುಣವನ್ನು ಹೊತ್ತೂ ತೋರಗೊಡದ ಹಾವನ್ನು ಬ್ರೀಡರ್‌ಗಳು ‘ಹೆಟ್’ ಎನ್ನುತ್ತಾರೆ, ಹೆಟೆರೊಝೈಗಸ್ ಎಂಬುದರ ಮೊಟಕು ರೂಪ.

ಅಲ್ಬಿನೊ ಹಾವನ್ನು ಸಾಮಾನ್ಯ ಹಾವಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲವೂ ಖಚಿತವಾಗಿ ಹೆಟ್. ಇವು ‘100% ಹೆಟ್’. ಎರಡು ಹೆಟ್‌ಗಳನ್ನು ಕೂಡಿಸಿದಾಗ ಲೆಕ್ಕ ಸ್ವಲ್ಪ ತಿರುಗುತ್ತದೆ. ಸರಾಸರಿ ನಾಲ್ಕರಲ್ಲಿ ಒಂದು ಅಲ್ಬಿನೊ, ಎರಡು ಹೆಟ್, ಒಂದು ಏನೂ ಹೊರದ ಹಾವು. ಅಲ್ಬಿನೊವನ್ನು ಬದಿಗಿಟ್ಟರೆ ಉಳಿದ ಮೂರೂ ಕಂದು. ಅವುಗಳಲ್ಲಿ ಎರಡು ಹೆಟ್, ಯಾವೆರಡು ಎಂಬುದು ಗೊತ್ತಿಲ್ಲ. ಆದ್ದರಿಂದ ಮೂರಕ್ಕೂ ‘66% ಹೆಟ್’ ಎಂಬ ಚೀಟಿ. ಹೊಸಬರು ಎಡವುವುದು ಇಲ್ಲಿಯೇ. ಆ ಹಾವು ಮೂರರಲ್ಲಿ ಎರಡು ಪಾಲು ಹೆಟ್ ಎಂದು ಇದರರ್ಥವಲ್ಲ. ಹಾವು ಒಂದೋ ಹೆಟ್, ಇಲ್ಲವೋ ಅಲ್ಲ. ಶೇಕಡಾವಾರು ಇರುವುದು ನಮ್ಮ ಅಜ್ಞಾನಕ್ಕೆ.

ಈ ಅಜ್ಞಾನವನ್ನು ಕಡಿಮೆ ಮಾಡುವ ಶಕ್ತಿ ಒಳ್ಳೆಯ ದಾಖಲೆಗಿದೆ. 66% ಹೆಟ್ ಎಂದು ಕೊಂಡ ಹೆಣ್ಣನ್ನು ಅಲ್ಬಿನೊ ಗಂಡಿಗೆ ಕೂಡಿಸಿದಿರಿ, ಆರು ಮೊಟ್ಟೆಯೊಡೆದು ಆರೂ ಕಂದು ಮರಿ ಬಂದವು ಎನ್ನಿ. ಹೆಣ್ಣು ನಿಜಕ್ಕೂ ಹೆಟ್ ಆಗಿದ್ದರೆ ಪ್ರತಿ ಮರಿಯೂ ಅಲ್ಬಿನೊ ಆಗುವ ಸಾಧ್ಯತೆ ಅರ್ಧ. ಆರೂ ಕಂದಾಗುವ ಸಾಧ್ಯತೆ 64ರಲ್ಲಿ ಒಂದು. ಹೊಸ ಮಾಹಿತಿಯನ್ನು ಹಳೆಯದಕ್ಕೆ ಕೂಡಿಸಿ ಲೆಕ್ಕ ಹಾಕಿದರೆ ಆಕೆ ಹೆಟ್ ಆಗಿರುವ ಸಂಭವ 66%ರಿಂದ ಸುಮಾರು 3%ಕ್ಕೆ ಇಳಿಯುತ್ತದೆ. ಒಂದೇ ಗೂಡಿನ ಮೊಟ್ಟೆಗಳಿಂದ ಇಷ್ಟು ತಿಳಿಯಿತು. ಆದರೆ ಮಾರಾಟಗಾರರು ಸಾಮಾನ್ಯವಾಗಿ ಫೋಟೊ ಹಾಕುವುದು ಚಂದದ ಮರಿಗಳದ್ದಷ್ಟೆ. ಆರು ಕಂದು ಮರಿಗಳ ಸುದ್ದಿ ಎಲ್ಲೂ ದಾಖಲಾಗದಿದ್ದರೆ ಆ ಹೆಣ್ಣು ಮುಂದಿನ ಮಾಲೀಕನಿಗೂ ‘66% ಹೆಟ್’ ಆಗಿಯೇ ಮಾರಾಟವಾಗುತ್ತದೆ. ಹಾಗಾಗಿ ಯಾವುದೇ ರಿಜಿಸ್ಟ್ರಿಯನ್ನು ಅಳೆಯಲು ನನ್ನ ಮೊದಲ ಪ್ರಶ್ನೆ: ಇಲ್ಲಿ ಸಪ್ಪೆ ಮರಿಗಳನ್ನೂ, ಒಡೆಯದ ಮೊಟ್ಟೆಗಳನ್ನೂ ಬರೆಯಲು ಜಾಗವಿದೆಯೇ?

ಬಾಲ್ ಪೈಥಾನ್‌ನ ಇನ್ನೊಂದು ಬಣ್ಣ ‘ಬನಾನಾ’. ಬಾಳೆಹಣ್ಣಿನ ಹಳದಿ, ಮೇಲೆ ಸಣ್ಣ ಕಪ್ಪು ಚುಕ್ಕೆ. ಇದಕ್ಕೆ ಒಂದೇ ಪ್ರತಿ ಸಾಕು, ಕಣ್ಣಿಗೆ ಕಾಣುತ್ತದೆ. ಹಾಗಿದ್ದರೆ ವಂಶಾವಳಿ ಯಾಕೆ ಬೇಕು? ಬ್ರೀಡರ್‌ಗಳಿಗೆ ಒಂದು ವಿಚಿತ್ರ ಕಂಡಿತ್ತು. ಕೆಲವು ಬನಾನಾ ಗಂಡುಗಳಿಗೆ ಹುಟ್ಟುವ ಬನಾನಾ ಮರಿಗಳು ಬಹುಪಾಲು ಗಂಡೇ. ಇನ್ನು ಕೆಲವಕ್ಕೆ ಬಹುಪಾಲು ಹೆಣ್ಣೇ. ನೋಡಲು ಎರಡು ಬಗೆಯ ಗಂಡುಗಳಲ್ಲೂ ಎಳ್ಳಷ್ಟೂ ಭೇದವಿಲ್ಲ. ಮೊದಲನೆಯದನ್ನು ‘ಮೇಲ್ ಮೇಕರ್’ ಎಂದೂ ಎರಡನೆಯದನ್ನು ‘ಫೀಮೇಲ್ ಮೇಕರ್’ ಎಂದೂ ಕರೆದರು. ದಾಖಲೆ ತಿರುವಿ ನೋಡಿದಾಗ ಗುಟ್ಟು ಅಜ್ಜ-ಅಜ್ಜಿಯ ಸಾಲಿನಲ್ಲಿತ್ತು. ಆ ಗಂಡಿಗೆ ಬನಾನಾ ಗುಣ ತಂದೆಯಿಂದ ಬಂದಿದ್ದರೆ ಗಂಡುಮಕ್ಕಳು, ತಾಯಿಯಿಂದ ಬಂದಿದ್ದರೆ ಹೆಣ್ಣುಮಕ್ಕಳು.

ಹಾವುಗಳಲ್ಲೆಲ್ಲ ಹಕ್ಕಿಗಳಂತೆ ಝಡ್-ಡಬ್ಲ್ಯೂ ಲಿಂಗ ವರ್ಣತಂತುಗಳೇ (ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ; ಗಂಡಿಗೆ ಎರಡೂ ಝಡ್) ಇರುವುದು ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿಕೊಂಡು ಬಂದಿದ್ದವು. 2017ರಲ್ಲಿ ಬೋವಾ (ಹೆಬ್ಬಾವನ್ನು ಹೋಲುವ, ಮರಿ ಹಾಕುವ ಹಾವು) ಮತ್ತು ಹೆಬ್ಬಾವುಗಳಲ್ಲಿ ಮನುಷ್ಯರಂತೆ ಎಕ್ಸ್-ವೈ ವ್ಯವಸ್ಥೆ ಇದೆ ಎಂದು ವಿಜ್ಞಾನಿಗಳು ತೋರಿಸಿದರು. ಬನಾನಾ ಒಗಟು ಅದಕ್ಕೆ ಸರಿಯಾಗಿ ಹೊಂದಿಕೊಂಡಿತು. ಗುಣವು ಗಂಡಿನ ವೈ ಮೇಲೆ ಕೂತಿದ್ದರೆ ಮಗನಿಗೆ, ಎಕ್ಸ್ ಮೇಲೆ ಕೂತಿದ್ದರೆ ಮಗಳಿಗೆ ಹೋಗುತ್ತದೆ. ಅಪರೂಪಕ್ಕೆ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದೂ ಉಂಟು. ಹವ್ಯಾಸಿಗಳು ತಮ್ಮ ವ್ಯಾಪಾರಕ್ಕೆಂದು ಬರೆದಿಟ್ಟ ಲೆಕ್ಕ ಪಠ್ಯಪುಸ್ತಕದ ಮಾತನ್ನು ಪ್ರಶ್ನಿಸುವಷ್ಟು ಗಟ್ಟಿಯಾಗಿತ್ತು. ವಂಶಾವಳಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ರಿಜಿಸ್ಟ್ರಿಯೊಳಗೆ ಇರುವುದೇನು? ಪ್ರತಿ ಹಾವಿಗೊಂದು ಸಂಖ್ಯೆ, ಮೊಟ್ಟೆಯೊಡೆದ ದಿನ, ಲಿಂಗ, ಬಣ್ಣದ ಗುಣಗಳು, ತಂದೆ ಮತ್ತು ತಾಯಿಯ ಸಂಖ್ಯೆ, ಬ್ರೀಡರ್‌ನ ಗುರುತು, ಈಗಿನ ಮಾಲೀಕ, ಫೋಟೊ. ತಂದೆ-ತಾಯಿಯ ಸಂಖ್ಯೆ ಹಿಡಿದು ಹಿಂದೆ ಹೋದರೆ ಅಜ್ಜ-ಅಜ್ಜಿ, ಅಲ್ಲಿಂದ ಮುತ್ತಜ್ಜ. ಐದು ತಲೆಮಾರು ಹಿಂದೆ ಹೋದರೆ 62 ಪೂರ್ವಜರ ಸ್ಥಾನಗಳು. ಜೋಳದ ಹಾವು ಎನ್ನಬಹುದಾದ ಕಾರ್ನ್ ಸ್ನೇಕ್‌ಗೆ ಅಮೆರಿಕನ್ ಕಾರ್ನ್‌ಸ್ನೇಕ್ ರಿಜಿಸ್ಟ್ರಿ ಇದೆ. ಬಾಲ್ ಪೈಥಾನ್ ಲೋಕದಲ್ಲಿ ಮಾರುಕಟ್ಟೆ ತಾಣಗಳೇ ಅರೆಬರೆ ರಿಜಿಸ್ಟ್ರಿಯ ಕೆಲಸ ಮಾಡುತ್ತವೆ. ಅನೇಕ ಬ್ರೀಡರ್‌ಗಳದ್ದು ಸ್ವಂತ ಸ್ಪ್ರೆಡ್‌ಶೀಟ್.

ನಾಯಿಗೆ ಚಿಪ್ ಹಾಕಿದ ಹಾಗೆ ಪೆನ್ಸಿಲ್ ದಪ್ಪದ ಮರಿಗೆ ಹಾಕುವುದು ಕಷ್ಟ. ದಾಖಲೆಯಲ್ಲಿರುವ ಹಾವು ಇದೇ ಎಂದು ಹೇಳುವುದು ಮೈಮೇಲಿನ ಚಿತ್ತಾರ. ವಯಸ್ಸಾದಂತೆ ಬಣ್ಣ ಮಾಗಬಹುದು, ಮಾಸಬಹುದು. ಪಟ್ಟೆಗಳ ಆಕಾರ, ಅವು ಕೂಡುವ ಜಾಗ ಬದಲಾಗುವುದಿಲ್ಲ. ಮರಿಯಾಗಿದ್ದಾಗ ಎರಡೂ ಮಗ್ಗುಲಿನಿಂದ, ಮೇಲಿನಿಂದ ತೆಗೆದ ಸ್ಪಷ್ಟ ಫೋಟೊ ಹತ್ತು ವರ್ಷದ ಮೇಲೂ ಸಾಕ್ಷಿ ಹೇಳುತ್ತದೆ. ಪೂರ್ತಿ ಬಿಳಿಯ ಹಾವುಗಳಿಗೆ ಮಾತ್ರ ಈ ಉಪಾಯ ನಡೆಯದು.

ಇನ್ನು ನಂಬಿಕೆಯ ಮಾತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೈಟು ನೋಂದಣಿ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಚೇರಿ ಕ್ರಯಪತ್ರವನ್ನು ನೋಂದಾಯಿಸುತ್ತದೆ. ಮಾರುವವನೇ ನಿಜವಾದ ಮಾಲೀಕ ಎಂದು ಅದು ಹೊಣೆ ಹೊರುವುದಿಲ್ಲ. ಅದಕ್ಕೇ ನಾವು ಮೂಲಪತ್ರ ಕೇಳುತ್ತೇವೆ, ಇಸಿ ತೆಗೆಸುತ್ತೇವೆ, ವಕೀಲರಿಗೆ ತೋರಿಸುತ್ತೇವೆ. ಹಾವಿನ ರಿಜಿಸ್ಟ್ರಿಯೂ ಅಷ್ಟೇ: ‘ಇಂಥವರು ಇಂಥ ದಿನ ಹೀಗೆ ಹೇಳಿದರು’ ಎಂಬುದರ ದಾಖಲೆ. ಒಂದೇ ಗಂಡಿಗೆ ನಾಲ್ಕು ಬೇರೆ ಬ್ರೀಡರ್‌ಗಳ ಬಳಿ ಮರಿಗಳಿದ್ದು, ನಾಲ್ವರೂ ತಮ್ಮ ಫಲಿತಾಂಶ ಹಾಕಿದಾಗ ಸುಳ್ಳು ತಾನಾಗಿ ಹೊರಬೀಳುತ್ತದೆ. ಯಾರೂ ಅಡ್ಡಪ್ರಶ್ನೆ ಹಾಕಲಾಗದ ರಿಜಿಸ್ಟ್ರಿ ಕೊಡುವ ಸರ್ಟಿಫಿಕೇಟು ಬಣ್ಣದ ಕಾಗದವಷ್ಟೆ.

ಎಲ್ಲ ತಪ್ಪೂ ಮೋಸವಲ್ಲ. ಹಾವಿನ ದೇಹವೇ ವಂಶಾವಳಿ ಬರೆಯುವವರಿಗೆ ಚಳ್ಳೆಹಣ್ಣು ತಿನ್ನಿಸುತ್ತದೆ. ಹೆಣ್ಣುಹಾವು ಕೂಡಿಕೆಯ ನಂತರ ವೀರ್ಯವನ್ನು ಒಡಲಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಅಮೆರಿಕದ ಈಸ್ಟರ್ನ್ ಡೈಮಂಡ್‌ಬ್ಯಾಕ್ ಎಂಬ ಬುಡುಬುಡಿಕೆ ಹಾವೊಂದು ಐದು ವರ್ಷ ಗಂಡಿನ ಸಂಗವಿಲ್ಲದೆ ಇದ್ದು ಮರಿ ಹಾಕಿದ್ದನ್ನು, ಆ ಮರಿಗಳಿಗೆ ತಂದೆ ಇದ್ದದ್ದನ್ನು 2011ರಲ್ಲಿ ಡಿಎನ್‌ಎ ಮೂಲಕ ದೃಢಪಡಿಸಲಾಯಿತು. ಅಂದರೆ ಈ ಋತುವಿನಲ್ಲಿ ನೀವು ಕೂಡಿಸಿದ ಗಂಡೇ ಅಪ್ಪ ಎಂದು ಬರೆಯುವ ಮುನ್ನ, ಹಿಂದಿನ ಮಾಲೀಕನ ಮನೆಯಲ್ಲಿ ಆಕೆ ಯಾರೊಂದಿಗಿದ್ದಳು ಎಂದು ಕೇಳಬೇಕು. ಒಂದೇ ಗೂಡಿನ ಮೊಟ್ಟೆಗಳಿಗೆ ಇಬ್ಬರು ಅಪ್ಪಂದಿರು ಇರುವುದೂ ಹಾವುಗಳಲ್ಲಿ ಅಪರೂಪವಲ್ಲ. ‘ತಂದೆ’ ಕಾಲಂ ಗೂಡಿಗೊಂದಲ್ಲ, ಮರಿಗೊಂದು ಇರಬೇಕು.

ಇದಕ್ಕೂ ಸೋಜಿಗದ್ದು ಅಪ್ಪನೇ ಇಲ್ಲದಿರುವುದು. ಕ್ಯಾರಮೆಲ್ ಬಣ್ಣದ ಒಂದು ಹೆಣ್ಣು ಬೋವಾ ಎರಡು ಸೂಲಿನಲ್ಲಿ 22 ಮರಿ ಹಾಕಿತು. ಅದರ ಜತೆ ಗಂಡುಗಳಿದ್ದವು. ಆದರೆ ಮರಿಗಳೆಲ್ಲವೂ ಹೆಣ್ಣು, ಎಲ್ಲವಕ್ಕೂ ತಾಯಿಯ ಅಪರೂಪದ ಕ್ಯಾರಮೆಲ್ ಬಣ್ಣ. ಡಿಎನ್‌ಎ ನೋಡಿದರೆ ಯಾವ ಗಂಡಿನ ಪಾಲೂ ಇರಲಿಲ್ಲ. ಗಂಡಿನ ನೆರವಿಲ್ಲದ ಈ ಜನನಕ್ಕೆ ಪಾರ್ಥೆನೊಜೆನೆಸಿಸ್ ಎನ್ನುತ್ತಾರೆ. ಹೆಣ್ಣೇ ಯಾಕೆ ಎಂಬುದಕ್ಕೆ ಆಗ ಸುತ್ತುಬಳಸಿನ ವಿವರಣೆ ಬೇಕಾಗಿತ್ತು. ಬೋವಾಗಳಲ್ಲಿ ಎಕ್ಸ್-ವೈ ಎಂದು ತಿಳಿದ ಮೇಲೆ ಸರಳವಾಯಿತು: ತಾಯಿಯ ಬಳಿ ಎಕ್ಸ್ ಬಿಟ್ಟು ಬೇರೇನಿಲ್ಲ. ದಾಖಲೆಗಾರ ಆ ಪಂಜರದಲ್ಲಿದ್ದ ಗಂಡಿನ ಹೆಸರನ್ನು ಒಳ್ಳೆಯ ಮನಸ್ಸಿನಿಂದಲೇ ‘ತಂದೆ’ ಎಂದು ಬರೆದುಬಿಟ್ಟಿರುತ್ತಿದ್ದ.

ಸರಿ, ಎಲ್ಲವನ್ನೂ ಸರಿಯಾಗಿ ಬರೆದರು ಎನ್ನೋಣ. ಆಗ ಕಾಣುವ ಚಿತ್ರ ಅಷ್ಟೇನೂ ಹಿತವಲ್ಲ. ಪ್ರತಿ ರಿಸೆಸಿವ್ ಬಣ್ಣವೂ ಶುರುವಾಗುವುದು ಸಾಮಾನ್ಯವಾಗಿ ಒಂದೇ ಹಾವಿನಿಂದ. ಬಾಲ್ ಪೈಥಾನ್‌ನ ಅಲ್ಬಿನೊ ಗುಣವನ್ನು ಬ್ರೀಡರ್ ಬಾಬ್ ಕ್ಲಾರ್ಕ್ ಅಮೆರಿಕದಲ್ಲಿ 1992ರಲ್ಲಿ ಮೊದಲ ಬಾರಿ ಸೆರೆಯಲ್ಲಿ ಮರಿ ಮಾಡಿಸಿ ಸಾಧಿಸಿದರು. ಕಾರ್ನ್ ಸ್ನೇಕ್‌ನ ಕೆಂಪು-ಬಿಳಿ ‘ಅಮೆಲ್’ ಗುಣ 1953ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹಿಡಿದ ಒಂದು ಕಾಡುಹಾವಿನ ತನಕ ಹೋಗುತ್ತದೆ. ಒಂದೇ ಹಾವಿನ ಗುಣ ಮತ್ತೆ ಕಾಣಬೇಕಾದರೆ ದಾರಿ ಎರಡೇ: ಮಗಳನ್ನು ಅಪ್ಪನಿಗೆ ಕೂಡಿಸು, ಇಲ್ಲವೇ ಅಣ್ಣ-ತಂಗಿಯನ್ನು ಕೂಡಿಸು.

ಇದನ್ನು ಅಳೆಯುವ ಅಂಕಿ ಒಂದಿದೆ, ಒಳಸಂಬಂಧದ ಗುಣಾಂಕ. ಅಮೆರಿಕದ ತಳಿವಿಜ್ಞಾನಿ ಸ್ಯೂವಲ್ ರೈಟ್ 1922ರಲ್ಲಿ ಕೊಟ್ಟ ಲೆಕ್ಕ. ಮರಿಯ ಯಾವುದೋ ಜೀನ್‌ನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಅಪ್ಪ-ಮಗಳು ಅಥವಾ ಅಣ್ಣ-ತಂಗಿ ಕೂಡಿದರೆ ಮರಿಗೆ 25%. ಮಲ ಒಡಹುಟ್ಟಿದವರಾದರೆ 12.5%. ಅಪ್ಪ-ಮಗಳಿಗೆ ಹುಟ್ಟಿದ ಎರಡು ಮರಿಗಳನ್ನು ಮತ್ತೆ ಒಂದಕ್ಕೊಂದು ಕೂಡಿಸಿದರೆ 37.5%. ತಂದೆ-ತಾಯಿಯ ಕಾಲಂ ತುಂಬಿದ್ದರೆ ಸಾಫ್ಟ್‌ವೇರ್ ಇದನ್ನು ಕ್ಷಣದಲ್ಲಿ ಹೇಳುತ್ತದೆ. ಖಾಲಿ ಇದ್ದರೆ ಅದು ಆ ಪೂರ್ವಜನನ್ನು ಯಾರ ಸಂಬಂಧಿಯೂ ಅಲ್ಲವೆಂದು ಭಾವಿಸುತ್ತದೆ. ಅಂದರೆ ಅರ್ಧಂಬರ್ಧ ದಾಖಲೆ ಹಾವನ್ನು ನಿಜಕ್ಕಿಂತ ಹೆಚ್ಚು ಆರೋಗ್ಯವಂತನಂತೆ ತೋರಿಸುತ್ತದೆ. 0% ಎಂದು ಪರದೆ ಮೇಲೆ ಕಂಡರೆ ಹಿಗ್ಗಬೇಡಿ, ಎಷ್ಟು ತಲೆಮಾರು ತುಂಬಿದೆ ಎಂದು ನೋಡಿ.

‘ಹಾವಿಗೆ ಒಳಸಂಬಂಧ ಏನೂ ಮಾಡದು’ ಎಂಬ ಮಾತು ಹವ್ಯಾಸಿಗಳಲ್ಲಿ ಚಲಾವಣೆಯಲ್ಲಿದೆ. ಸ್ವೀಡನ್ನಿನ ತೆಂಕಣ ತುದಿಯ ಸ್ಮಿಗೆಹುಕ್‌ನ ಆ್ಯಡರ್ ಹಾವುಗಳು ಬೇರೆಯದನ್ನೇ ಹೇಳುತ್ತವೆ. ಬೇಸಾಯದ ಭೂಮಿಯ ನಡುವೆ ಒಂಟಿಯಾಗಿ ಉಳಿದ ಆ ಸಣ್ಣ ಗುಂಪಿನಲ್ಲಿ ಸತ್ತ, ಅಂಗವಿಕಲ ಮರಿಗಳು ಹೆಚ್ಚಿದ್ದವು, ಸಂಖ್ಯೆ ಕುಸಿಯುತ್ತಿತ್ತು. 1992ರಲ್ಲಿ ಬೇರೆಡೆಯಿಂದ 20 ಗಂಡುಗಳನ್ನು ತಂದು ಬಿಟ್ಟರು. ಕೆಲವು ವರ್ಷಗಳಲ್ಲಿ ಗುಂಪು ಚೇತರಿಸಿಕೊಂಡಿತು. ಮೃಗಾಲಯಗಳು ವಂಶಪುಸ್ತಕ ಇಡುವುದು ಇದೇ ಕಾರಣಕ್ಕೆ: ಯೂರೋಪಿನ ಕಾಡೆಮ್ಮೆಯ ವಂಶಪುಸ್ತಕ 1932ರಷ್ಟು ಹಳೆಯದು. ಅಲ್ಲಿ ದಾಖಲೆ ನೋಡಿ ದೂರದ ಸಂಬಂಧಿಗಳನ್ನು ಹುಡುಕಿ ಕೂಡಿಸುತ್ತಾರೆ. ಹವ್ಯಾಸಿ ಬ್ರೀಡರ್ ಅದೇ ಬಗೆಯ ದಾಖಲೆ ನೋಡಿ ಹತ್ತಿರದವರನ್ನು ಹುಡುಕುತ್ತಾನೆ.

ಕಾರ್ನ್ ಸ್ನೇಕ್‌ನ ‘ಸ್ಟಾರ್‌ಗೇಜರ್’ ದೋಷವನ್ನು ನೋಡಿ. ಇದೂ ರಿಸೆಸಿವ್. ಎರಡು ಪ್ರತಿ ಸಿಕ್ಕ ಮರಿ ತೋಲ ತಪ್ಪಿ ಹೊರಳಾಡುತ್ತದೆ, ತಲೆಯನ್ನು ಆಕಾಶಕ್ಕೆ ತಿರುಚುತ್ತದೆ. ‘ಸನ್‌ಕಿಸ್ಡ್’ ಎಂಬ ಸೊಗಸಾದ ಬಣ್ಣದ ವಂಶಗಳಲ್ಲಿ ಇದು ಸದ್ದಿಲ್ಲದೆ ಹರಿದುಬಂದಿತ್ತು. ಬಣ್ಣಕ್ಕಾಗಿ ಒಳಗೊಳಗೇ ಕೂಡಿಸಿದಾಗ ದೋಷವೂ ಜತೆಗೇ ಹೊರಬಿತ್ತು. ಹೊತ್ತಿರುವ ಹಾವು ಯಾವುದೆಂದು ತಿಳಿಯಲು ಬ್ರೀಡರ್‌ಗಳು ದೋಷ ಹೊತ್ತಿದೆ ಎಂದು ಗೊತ್ತಿರುವ ಹಾವಿನೊಂದಿಗೆ ಪರೀಕ್ಷಾರ್ಥ ಕೂಡಿಸಿ, ಮರಿ ನೋಡಿ, ಫಲಿತಾಂಶವನ್ನು ಹಾವಿನ ಹೆಸರಿನ ಜತೆ ಬರೆಯಲಾರಂಭಿಸಿದರು. ಬಾಲ್ ಪೈಥಾನ್‌ನ ‘ಸ್ಪೈಡರ್’ ಬೇರೆ ಬಗೆಯದು: ಒಂದೇ ಪ್ರತಿ ಸಾಕು, ಬಣ್ಣದ ಜತೆ ತಲೆ ನಡುಗುವ ‘ವಾಬಲ್’ ಬಂದೇ ಬರುತ್ತದೆ, ಒಳಕಿವಿಯ ರಚನೆಯೇ ವಿಕಾರಗೊಂಡಿರುತ್ತದೆ ಎಂದು 2022ರ ಸ್ಕ್ಯಾನ್ ಅಧ್ಯಯನ ತೋರಿಸಿತು. ಇಲ್ಲಿ ಗುಟ್ಟೇನೂ ಇಲ್ಲ, ಕಣ್ಣಿಗೆ ಕಾಣುತ್ತದೆ, ಆದರೂ ವರ್ಷಗಟ್ಟಲೆ ಮಾರಾಟವಾಯಿತು. ಗೊತ್ತಿದ್ದೂ ಬೇಕೆನ್ನುವವನನ್ನು ಯಾವ ರಿಜಿಸ್ಟ್ರಿಯೂ ತಡೆಯದು.

ಈಚೆಗೆ ಆಟದ ನಿಯಮ ಸ್ವಲ್ಪ ಬದಲಾಗಿದೆ. ಹಾವು ಪೊರೆ ಬಿಡುತ್ತದಲ್ಲ, ಆ ಪೊರೆಯಿಂದಲೇ ಡಿಎನ್‌ಎ ತೆಗೆಯಬಹುದು. ಸೂಜಿ ಬೇಡ, ರಕ್ತ ಬೇಡ. ಅಮೆರಿಕದ ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದ ತಂಡ ಸಾಕುವವರಿಂದ ಅಂಚೆಯಲ್ಲಿ ಪೊರೆ ತರಿಸಿಕೊಂಡು ಅಲ್ಬಿನೊ, ಲ್ಯಾವೆಂಡರ್ ಅಲ್ಬಿನೊ, ಅಲ್ಟ್ರಾಮೆಲ್ ಎಂಬ ಮೂರು ಬಣ್ಣಗಳ ಹಿಂದಿನ ಜೀನ್ ಬದಲಾವಣೆಗಳನ್ನು 2022ರಲ್ಲಿ ಪ್ರಕಟಿಸಿತು. ಈಗ ಖಾಸಗಿ ಲ್ಯಾಬ್‌ಗಳೂ ಈ ಪರೀಕ್ಷೆ ಮಾಡುತ್ತವೆ. ‘66% ಹೆಟ್’ ಮರಿ ಎರಡು-ಮೂರು ವರ್ಷ ಬೆಳೆದು ಮೊಟ್ಟೆ ಇಡುವ ತನಕ ಕಾಯಬೇಕಿಲ್ಲ. ಹಾಗೆಂದು ವಂಶಾವಳಿಯ ಕೆಲಸ ಮುಗಿಯಲಿಲ್ಲ. ಪರೀಕ್ಷೆ ಇರುವುದು ಜೀನ್ ಪತ್ತೆಯಾಗಿರುವ ಬಣ್ಣಗಳಿಗಷ್ಟೇ. ಈ ಹಾವು ಅಲ್ಬಿನೊ ಪ್ರತಿಯನ್ನು ಹೊತ್ತಿದೆ ಎಂದು ಅದು ಹೇಳುತ್ತದೆ. ಯಾರಿಂದ ಬಂತು, ಒಡಹುಟ್ಟುಗಳೆಷ್ಟು ಸತ್ತವು ಎಂದು ಹೇಳದು.

ಡಿಎನ್‌ಎಗೂ ಸುಲಭಕ್ಕೆ ದಕ್ಕದ ಇನ್ನೊಂದು ಸಂಗತಿ ಊರು. ಹೊಂಡುರಸ್‌ನ ಕಾಯೋಸ್ ಕೊಚಿನೋಸ್ ದ್ವೀಪಗಳ ತಿಳಿಬಣ್ಣದ ಪುಟ್ಟ ಬೋವಾಕ್ಕೆ ‘ಹಾಗ್ ಐಲ್ಯಾಂಡ್’ ಎಂಬ ವ್ಯಾಪಾರದ ಹೆಸರು. ಸಾಕುಪ್ರಾಣಿ ವ್ಯಾಪಾರಕ್ಕೆ ಹಿಡಿದು ಹಿಡಿದು ಒಂದು ಕಾಲದಲ್ಲಿ ದ್ವೀಪದಲ್ಲಿ ಅವು ವಿರಳವಾಗಿದ್ದವು. ಮುಖ್ಯ ನೆಲದ ಬೋವಾದೊಂದಿಗೆ ಬೆರಕೆಯಾದ ಮರಿಯನ್ನು ದ್ವೀಪದ್ದೆಂದು ಮಾರಿದರೆ ಹಿಡಿಯುವುದು ಕಷ್ಟ. ಹಿಂದಿನ ದಾಖಲೆಯೇ ಗತಿ. ದಾಖಲೆಯೇ ಸುಳ್ಳಾದರೆ? ಇಂಡೊನೇಷ್ಯಾದಿಂದ ‘ಫಾರ್ಮ್‌ನಲ್ಲಿ ಹುಟ್ಟಿದ್ದು’ ಎಂಬ ಕಾಗದದೊಂದಿಗೆ ರಫ್ತಾಗುತ್ತಿದ್ದ ಹಸಿರು ಹೆಬ್ಬಾವುಗಳಲ್ಲಿ ಸುಮಾರು 80% ಕಾಡಿನಿಂದಲೇ ಹಿಡಿದವು ಎಂದು 2011ರ ಅಧ್ಯಯನ ಅಂದಾಜಿಸಿತು. ನಮ್ಮಲ್ಲಿಯೂ ಊರಿನ ಬೆಲೆ ಈಚೆಗೆ ಅರಿವಾಗಿದೆ: 2024ರಲ್ಲಿ ಕಾಳಿಂಗ ಸರ್ಪವನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿ, ಪಶ್ಚಿಮ ಘಟ್ಟದ್ದಕ್ಕೆ ‘ಒಫಿಯೊಫೇಗಸ್ ಕಾಳಿಂಗ’ ಎಂದೇ ಹೆಸರಿಟ್ಟರು. ಮೃಗಾಲಯದ ಹಳೆಯ ಪುಸ್ತಕದಲ್ಲಿ ‘ಭಾರತ’ ಎಂದಷ್ಟೇ ಬರೆದಿದ್ದರೆ ಅದೀಗ ಅರ್ಧ ವಿಳಾಸ.

ಕರ್ನಾಟಕದ ಓದುಗರಿಗೆ ಕಾನೂನಿನ ಮಾತು ಹೇಳದಿದ್ದರೆ ತಪ್ಪಾದೀತು. ನಾಗರ, ಕೇರೆ, ಹೆಬ್ಬಾವು ಇತ್ಯಾದಿ ನಮ್ಮ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ವಿದೇಶಿ ಹಾವುಗಳಲ್ಲಿ ವನ್ಯಜೀವಿ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವವು 2022ರ ತಿದ್ದುಪಡಿಯ ನಂತರ ಅದೇ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದಿವೆ. ಬಾಲ್ ಪೈಥಾನ್ ಅದರಲ್ಲಿದೆ, ಕಾರ್ನ್ ಸ್ನೇಕ್ ಸೈಟಿಸ್ ಪಟ್ಟಿಯಲ್ಲಿಲ್ಲ. 2024ರ ನಿಯಮಗಳ ಪ್ರಕಾರ ಆ ಅನುಸೂಚಿಯ ಪ್ರಾಣಿ ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ತಿಳಿಸಬೇಕು. ಹವ್ಯಾಸಿ ರಿಜಿಸ್ಟ್ರಿಯ ಸರ್ಟಿಫಿಕೇಟು ಇದಕ್ಕೆ ಬದಲಿಯಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 55 ಬಾಲ್ ಪೈಥಾನ್, 17 ಕಾಳಿಂಗ, ಸತ್ತ ಆರು ಕಪುಚಿನ್ ಕೋತಿಗಳು. ಆ 55ರಲ್ಲಿ ಬಗೆಬಗೆಯ ಬಣ್ಣದವಿದ್ದವು. ಹಾಗೆ ಬಂದ ಹಾವು ಸಿಕ್ಕಿಬೀಳದೆ ಪೇಟೆಗೆ ಇಳಿದರೆ ‘ಬೆಂಗಳೂರಿನಲ್ಲೇ ಹುಟ್ಟಿದ್ದು’ ಎಂಬ ಹೊಸ ಜಾತಕ ಬರೆಯಲು ಐದು ನಿಮಿಷ ಸಾಕು.

ಕೊನೆಯದಾಗಿ ಆಯಸ್ಸಿನ ಸಮಸ್ಯೆ. ಬಾಲ್ ಪೈಥಾನ್ ಚೆನ್ನಾಗಿ ಸಾಕಿದರೆ 20-30 ವರ್ಷ ಬಾಳುತ್ತದೆ. ಹವ್ಯಾಸಿಯೊಬ್ಬ ಸಂಜೆ ಹೊತ್ತು ಕಟ್ಟಿದ ಜಾಲತಾಣ ಅಷ್ಟು ಬಾಳುವುದು ಅಪರೂಪ. 2017ರಲ್ಲಿ ಫೋಟೊಬಕೆಟ್ ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ತಾಣಗಳಲ್ಲಿ ತೋರಿಸಲು ವರ್ಷಕ್ಕೆ ಸುಮಾರು 400 ಡಾಲರ್ ಕೇಳಿದಾಗ ಜಗತ್ತಿನ ಎಷ್ಟೋ ಹವ್ಯಾಸಗಳ ಚಿತ್ರಗಳು ರಾತ್ರೋರಾತ್ರಿ ಖಾಲಿ ಚೌಕಗಳಾದವು. ಹಾವಿನ ಗುರುತೇ ಫೋಟೊ ಆಗಿರುವಲ್ಲಿ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ರಿಜಿಸ್ಟ್ರಿ ಆರಿಸುವಾಗ ಇಡೀ ದಾಖಲೆಯನ್ನು ಫೋಟೊ ಸಮೇತ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುತ್ತದೆಯೇ ನೋಡಿ. ತಿದ್ದುಪಡಿ ಮಾಡಿದರೆ ಹಳೆಯ ನಮೂದು ಉಳಿಯುತ್ತದೆಯೇ ನೋಡಿ. ತಂದೆಯ ಕಾಲಂನಲ್ಲಿ ‘ಗೊತ್ತಿಲ್ಲ’ ಎಂದು ಬರೆಯಲು ಬಿಡುತ್ತದೆಯೇ ಎಂಬುದನ್ನೂ ನೋಡಿ. ಕೆಲವು ಕಡೆ ಏನಾದರೊಂದು ಹೆಸರು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ.